ಅವ್ವನ ಹಣೆಯ ಆನೆಕಾಸು

ಕುರ್ಲಾ, ಮುಂಬೈ
ಭಾನುವಾರ, ೧೬ ಜೂನ್ ೧೯೭೪

ಪ್ರೀತಿಯ ಮಲ್ಲಕ್ಕನಿಗೆ ಇಂದ್ರಾಬಾಯಿಯ ಶರಣು.

ನಿಮ್ಮ ಎರಡೂ ಕಾಗದ ಬಂದಿವೆ. ಮೊದಲನೆಯದಕ್ಕೇ ಉತ್ತರ ಬರಲಿಲ್ಲವೆಂದು ಸಿಟ್ಟಾಗಿದ್ದೀರಿ, ಆಗಬೇಕಾದ್ದೇ. ಅವ್ವನ ಕಡೆಯ ಫೋಟೋ ಕಳಿಸು, ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ಹಾಕುತ್ತೇನೆ ಎಂದಿದ್ದೀರಿ. ರೈಲು ಮುಷ್ಕರದಿಂದಾಗಿ ಬಿಜಾಪುರದಲ್ಲೇ ಸಿಕ್ಕಿಬಿದ್ದು ಹೆತ್ತವ್ವನ ಮುಖ ಕಾಣದೆ ಹೋದವರು ನೀವು. ಫೋಟೋ ಕೆಟ್ಟುಹೋಯಿತು ಎಂದು ಬರೆದು ಕೈತೊಳೆದುಕೊಳ್ಳೋಣವೆಂದು ಕೂತಿದ್ದೆ. ಮನಸ್ಸು ಒಪ್ಪಲಿಲ್ಲ. ಫೋಟೋ ಕೆಟ್ಟಿಲ್ಲ ಅಕ್ಕಾ, ಬಹಳ ಚೆನ್ನಾಗಿ ಬಂದಿದೆ.

ನಿಮ್ಮ ತಮ್ಮನಿಗೆ ಹಳೆಯ ನಾಣ್ಯಗಳ ಹುಚ್ಚು ಮೊದಲಿನಿಂದಲೂ ಇತ್ತು. ಕ್ಯಾಮೆರಾ ಕೊಂಡ ಮೇಲೆ ಅವುಗಳ ಫೋಟೋ ತೆಗೆಯುವ ಹುಚ್ಚೂ ಸೇರಿಕೊಂಡಿತು. ಹತ್ತಿರದ ಸಣ್ಣ ವಸ್ತು ದೊಡ್ಡದಾಗಿ ಬರಲೆಂದು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಬಳೆಯಂಥದ್ದೊಂದನ್ನು ಸಿಕ್ಕಿಸಿ, ಕಿಟಕಿಯ ಕಟ್ಟೆಗೆ ಕಪ್ಪು ಬಟ್ಟೆ ಹಾಸಿ, ಕಾಸಿನ ಅಕ್ಷರ ಎದ್ದು ಕಾಣುವಂತೆ ಬೆಳಕು ಓರೆಯಾಗಿ ಬೀಳುವ ತನಕ ಕಾಯುವುದು. ನಮ್ಮ ಖೋಲಿಗೆ ಇರುವುದೇ ಒಂದು ಕಿಟಕಿ. ಅತ್ತೆಯವರ ಮಂಚ ಅಲ್ಲಿತ್ತು, ಅವರ ಉಬ್ಬಸಕ್ಕೆ ಗಾಳಿ ಬೇಕಿತ್ತು. ಮಂಚವನ್ನು ಸ್ಟೋವಿನ ಪಕ್ಕದ ಮೂಲೆಗೆ ಎಳೆದವರು ಇವರೇ. ನಾನು ಜಗಳವಾಡಿದೆ. ಅತ್ತೆಯವರೇ ನನ್ನನ್ನು ಸುಮ್ಮನಾಗಿಸಿದರು, "ಇರಲಿ ಬಿಡವಾ, ಅವಂಗ ಇದೊಂದ ಸುಖ" ಎಂದರು.

ಚಾಳಿನ ನೆಲ ಹಲಗೆಯದು. ಯಾರಾದರೂ ಅಲುಗಿದರೆ ಚಿತ್ರ ಕದಡುತ್ತದೆಂದು ಇವರು ಗದರುತ್ತಿದ್ದರು. ಹಾಗಾಗಿ ನಿಮ್ಮ ಅವ್ವ ಕ್ಯಾಮೆರಾ ಟಕ್ಕೆನ್ನುವವರೆಗೆ ಬಾಯಿಗೆ ಸೆರಗು ಒತ್ತಿ ಕೆಮ್ಮು ತಡೆದುಕೊಳ್ಳುತ್ತಿದ್ದರು. ಆಮೇಲೆ ಒಮ್ಮೆಲೇ ಬರುವ ಆ ಕೆಮ್ಮು ನನಗೆ ಈಗಲೂ ಕೇಳಿಸುತ್ತದೆ. ಒಂದು ದಿನ ನಗುತ್ತಲೇ, "ನನ್ನದೂ ಒಂದು ತಗೀಯಪ್ಪಾ, ಮಲ್ಲಿಗೆ ಕಳಸೂಣು" ಎಂದು ಕೇಳಿದ್ದರು. ಬಳೆ ಬಿಚ್ಚಿದರೆ ಮತ್ತೆ ಎಲ್ಲ ಹೊಂದಿಸಬೇಕು, ಈ ರೋಲ್ ಮುಗಿಯಲಿ ಎಂದರು ಇವರು.

ಮುಷ್ಕರದ ದಿನಗಳಲ್ಲಿ ಲೋಕಲ್ ಸರಿಯಾಗಿರಲಿಲ್ಲ. ಫೋರ್ಟಿನ ಆಫೀಸಿಗೆ ಹೋಗಲಾಗದೆ ಇವರು ಮನೆಯಲ್ಲೇ ಇದ್ದರು. ಆ ಬೆಳಗ್ಗೆ ನಾನು ಕೆಳಗೆ ನಳದ ಸಾಲಿನಲ್ಲಿದ್ದೆ. ಕೊಡ ಹೊತ್ತು ಬಂದಾಗ ಇವರು ಕಿಟಕಿಗೆ ಬಾಗಿ ನಿಂತಿದ್ದಾರೆ, ಬೆನ್ನ ಹಿಂದೆ ಅತ್ತೆಯವರ ಕೈ ಮಂಚದಿಂದ ಜೋತುಬಿದ್ದಿದೆ. ಯಾವಾಗ ಹೋಯಿತು ಜೀವ ಎಂದು ಕೇಳಿದೆ. ಗೊತ್ತಿಲ್ಲ ಎಂದರು.

ಓಡಿ ಬಂದವಳು ಪಕ್ಕದ ಖೋಲಿಯ ಕಸ್ತೂರಿಬಾಯಿ. ಹೆಣವನ್ನು ಕಿಟಕಿಯ ಬಳಿ ಗೋಡೆಗೆ ಆನಿಸಿ ಕೂರಿಸಿದೆವು, ವಿಭೂತಿ ಬಳಿದೆವು. ಹಣೆಗೆ ನಾಣ್ಯ ಅಂಟಿಸುವುದು ನಮ್ಮಲ್ಲಿ ಇದ್ದದ್ದೇ. ಕಸ್ತೂರಿಬಾಯಿ ಕೈಗೆ ಸಿಕ್ಕಿದ್ದನ್ನು ಎತ್ತಿ ಒದ್ದೆ ವಿಭೂತಿಯ ಮೇಲೆ ಒತ್ತಿದಳು. ಕಪ್ಪು ಬಟ್ಟೆಯ ಮೇಲಿದ್ದ ಆನೆಕಾಸು ಅದು, ಆನೆಯ ಚಿತ್ರವಿರುವ ತಾಮ್ರದ್ದು. ಎಲ್ಲಕ್ಕಿಂತ ಅಪರೂಪದ್ದು ಎಂದು ಇವರು ಮುಟ್ಟಗೊಡದೆ ಇಟ್ಟುಕೊಂಡಿದ್ದು. ಇವರ ಮುಖ ಬಿಳಿಚಿಕೊಂಡಿತು. ತಾಯಿ ಹೋದ ಸಂಕಟ ಎಂದುಕೊಂಡೆ ನಾನು, ಹುಚ್ಚಿ.

ಹೊತ್ತೊಯ್ಯುವ ಮುಂಚೆ, ಅವ್ವನ ಹತ್ತಿರ ಒಂದು ಗಳಿಗೆ ನಾನೊಬ್ಬನೇ ಇರುತ್ತೇನೆ, ಒಂದು ಫೋಟೋ ತೆಗೆಯುತ್ತೇನೆ ಎಂದರು. ಎಲ್ಲರೂ ಕಣ್ಣೊರೆಸಿಕೊಂಡು ಹೊರಗೆ ಬಂದೆವು. ಬೊರಿವಲಿಯಿಂದ ಬಸ್ಸು ಹಿಡಿದು ಬಂದಿದ್ದ ನಿಮ್ಮ ಮಗ ಶೇಖರನೂ ಹೊರಗೆ ನಿಂತಿದ್ದ. ಅವನು ನಿಮಗೆ ಬರೆದದ್ದು ಆ ಫೋಟೋದ ಮಾತೇ.

ಹೋದ ವಾರ ಸ್ಟುಡಿಯೋದಿಂದ ಪ್ರಿಂಟು ತಂದವಳು ನಾನೇ. ಅವ್ವನ ಮುಖ ನೋಡುವ ಆಸೆಯಿಂದ ದಾರಿಯಲ್ಲೇ ಬಿಚ್ಚಿದೆ. ಕಾಸಿನ ಚಿತ್ರಗಳೇ ಎಲ್ಲ. ಒಂದರಲ್ಲಿ ಮಾತ್ರ ಆನೆಯ ಸುತ್ತ ಕಪ್ಪು ಬಟ್ಟೆ ಇಲ್ಲ, ಚರ್ಮವಿದೆ. ವಿಭೂತಿಯ ಪಟ್ಟೆ, ಸುಕ್ಕು, ಕೆಳಗೆ ಎರಡು ಹುಬ್ಬುಗಳ ತುದಿ. ಕಣ್ಣಿಲ್ಲ, ಬಾಯಿಲ್ಲ. ಮುಂದಿನ ಪ್ರಿಂಟಿನಲ್ಲಿ ಅದೇ ಕಾಸಿನ ಹಿಂಬದಿ, ಹಣೆಯ ವಿಭೂತಿ ಮೆತ್ತಿಕೊಂಡಿದ್ದ ಹಾಗೆಯೇ. ನಾಣ್ಯವೆಂದರೆ ಎರಡೂ ಬದಿ ತೆಗೆಯಬೇಕು, ಅದು ಇವರ ನೇಮ. ಕಿತ್ತುಕೊಂಡು, ಬದಲಿಗೆ ಹತ್ತು ಪೈಸೆ ಅಂಟಿಸಿದ್ದರು, ಹೊತ್ತೊಯ್ಯುವ ಗಡಿಬಿಡಿಯಲ್ಲಿ ನಾವ್ಯಾರೂ ಗಮನಿಸಿರಲಿಲ್ಲ. ಅದನ್ನೇ ಹೊತ್ತು ಅತ್ತೆಯವರು ಮಣ್ಣಿಗೆ ಹೋದದ್ದು.

ಕೇಳಿದೆ. "ಮಣ್ಣಾಗ ಹೋದ್ರ ಅಂಥಾದ್ದು ಮತ್ತ ಸಿಗೂದಿಲ್ಲ" ಎಂದರು, ತಣ್ಣಗೆ. ಕಾಸು ಪೆಟ್ಟಿಗೆಯಲ್ಲಿದೆ. ವಿಭೂತಿಯನ್ನೂ ಒರೆಸಿಲ್ಲ. ಭಕ್ತಿಯಿಂದಲ್ಲ ಅಕ್ಕಾ, ಒರೆಸಿದರೆ ಕಾಸು ಸವೆಯುತ್ತದಂತೆ. ನನಗೆ ಈ ಮನುಷ್ಯನ ಜೊತೆ ಒಂದೇ ಸೂರಿನ ಕೆಳಗೆ ಇರುವುದು ಹೇಸಿಗೆಯಾಗಿದೆ.

ಹುಬ್ಬು ಕಾಣುವ ಪ್ರಿಂಟನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ. ನಿಮ್ಮ ಅವ್ವನದು ಬೇರೆ ಯಾವ ಫೋಟೋವೂ ಈ ಮನೆಯಲ್ಲಿಲ್ಲ. ಪೆಟ್ಟಿಗೆಗಳನ್ನೆಲ್ಲ ತೆಗೆದು ಹುಡುಕಿದೆ. ಗೋಡೆಗೆ ಹಾಕುವುದೋ ಒಲೆಗೆ ಹಾಕುವುದೋ, ನಿಮ್ಮ ಮನಸ್ಸು.

ನಿಮ್ಮ
ಇಂದ್ರಾಬಾಯಿ

ತಾ.ಕ.: ಕಾಗದ ಮುಚ್ಚದೆ ಇಟ್ಟಿದ್ದೆ, ಇವತ್ತು ಮಂಗಳವಾರ. ಪೆಟ್ಟಿಗೆಯಲ್ಲಿದೆ ಎಂದು ಮೇಲೆ ಬರೆದ ಕಾಸು ಈಗ ಅಲ್ಲಿಲ್ಲ. ನಿನ್ನೆ ಇವರು ಆಫೀಸಿಗೆ ಹೋದ ಮೇಲೆ ಸ್ಮಶಾನಕ್ಕೆ ಹೋಗಿ ಅತ್ತೆಯವರ ತಲೆಯ ನೇರಕ್ಕೆ ಅದನ್ನು ಕೈ ಇಳಿಯುವಷ್ಟು ಆಳಕ್ಕೆ ಒತ್ತಿ ಬಂದೆ. ಮಳೆಗೆ ಮಣ್ಣು ಮೆತ್ತಗಿತ್ತು. ಸಂಜೆ ಪೆಟ್ಟಿಗೆ ತೆಗೆದು ನೋಡಿ ಇವರು ನೆಲಕ್ಕೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಅವ್ವ ಹೋದ ಮೇಲೆ ಇವರು ಅತ್ತದ್ದು ಇದೇ ಮೊದಲು. ಕಸ್ತೂರಿಬಾಯಿ ಬಂದು ಬೆನ್ನು ಸವರಿ, "ಹಡದಾಕಿ ನೆನಪು ಹಂಗ ಬರತೈತ್ರಿ, ಅತ್ತು ಬಿಡ್ರಿ" ಎಂದು ತಾನೂ ಕಣ್ಣೀರು ಹಾಕಿದಳು. ನಾನು ಇಬ್ಬರಿಗೂ ಚಹಾ ಮಾಡಿಕೊಟ್ಟೆ.