ಮೊದಲು ಉಸಿರು ಮೂಸಿದೆ

ಅಣ್ಣಾ,

"ಗಂಡಸಂದ್ಮೇಲೆ ಕುಡೀತಾನೆ, ಹೊಂದ್ಕೊಂಡು ಹೋಗು" ಎಂದು ಬರೆದಿದ್ದೀಯಲ್ಲ, ಕೇಳು. ನಿನ್ನೆ ಸಂಜೆ ನಮ್ಮ ಲಾಂಡ್ರಿಯ ಇಸ್ತ್ರಿಯವಳು ನನ್ನನ್ನು ಜೋಡಿಯಾಗಿ ಕುಣಿಯುವ ಸ್ವಿಂಗ್ ಡ್ಯಾನ್ಸ್ ಕ್ಲಬ್ಬಿಗೆ ಎಳೆದುಕೊಂಡು ಹೋದಳು. ಅಲ್ಲಿ ಮದ್ಯ ಒಳಗೆ ತರುವಂತೆಯೇ ಇಲ್ಲ. ಅರವತ್ತು ಜನ ಬರೀ ನಿಂಬೆ ಶರಬತ್ತು ಕುಡಿದು ಬೆವರಿಳಿಯುವಂತೆ ಕುಣಿಯುತ್ತಿದ್ದರು. ಒಬ್ಬ ಬಸ್ ಡ್ರೈವರ್ ನನ್ನತ್ತ ಕೈ ಚಾಚಿದ. ಗಂಡನ ಜೊತೆ ಇಪ್ಪತ್ತು ವರ್ಷದ ಅಭ್ಯಾಸ, ಮೊದಲು ಅವನ ಉಸಿರು ಮೂಸಿದೆ. ನಿಂಬೆ ವಾಸನೆ! ಎರಡು ಸಲ ಅವನ ಕಾಲು ತುಳಿದೆ.

"ತುಳೀರಿ, ಪರವಾಗಿಲ್ಲ. ನಿಲ್ಲಿಸ್ಬೇಡಿ ಅಷ್ಟೆ" ಎಂದ. ನಿಲ್ಲಿಸಲಿಲ್ಲ.

ಮಂಡಿ ಊದಿದೆ, ಬಿಸಿನೀರಿನ ಶಾಖ ಕೊಟ್ಟಿದ್ದೇನೆ, ಚಿಂತೆ ಬೇಡ. ಗಂಡನ ಆ ಮನೆಗೆ ಮಾತ್ರ ನಾನು ವಾಪಸ್ ಹೋಗುವುದಿಲ್ಲ. ಬೇಕೆಂದೇ ಇದನ್ನು ಕಾರ್ಡಿನಲ್ಲಿ ಬರೆದಿದ್ದೇನೆ, ಕವರಿಗೆ ಹಾಕಿಲ್ಲ; ನಿನ್ನಲ್ಲಿಗೆ ಬಂದರೆ ನನ್ನ ಗಂಡನೂ ಓದಲಿ, ಅಂಚೆಯವನೂ ಓದಲಿ.

ಕೆಲಸಕ್ಕೆ ಹೊತ್ತಾಯಿತು.

ನಿನ್ನ ತಂಗಿ