ಹೆರಿಗೆಗೆ ಹೋಗುವ ದಾರಿ

ಮಾರ್ಟನ್ ದ್ವೀಪ, ನ್ಯೂ ಬ್ರನ್ಸ್‌ವಿಕ್
ಏಪ್ರಿಲ್ ೨೫, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ವೆಂಡೆಲ್,

ಹೇಗಿದ್ದೀಯ? ಸರೋವರದ ಮೇಲಿನ ಮಂಜುಗಡ್ಡೆ ಕರಗಿತೋ ಇಲ್ಲವೋ? ಹಡಗಿನ ಇಂಜಿನ್ ಕೋಣೆಯಲ್ಲಿ ಬೆವರಿಕೊಂಡು ನೇರ ಡೆಕ್ಕಿಗೆ ಹೋಗಿ ನಿಲ್ಲಬೇಡ. ಕಳೆದ ವರ್ಷ ಹಾಗೆ ಮಾಡಿಯೇ ಎದೆಯಲ್ಲಿ ಕಫ ಕಟ್ಟಿಸಿಕೊಂಡು ಮನೆಗೆ ಬಂದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯೋಣವೆಂದೇ ಕೂತೆ, ಆದರೆ ನಿನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಮೈ ಚೆನ್ನಾಗಿದೆ, ಹೆದರಿಕೆ ಮಾತ್ರ ಬಿಟ್ಟು ಹೋಗುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಫೋನು ಹಿಡಿಯುವುದು ಆಚೆ ದೇಶದ ಟವರನ್ನು ತಾನೆ. "ಅವ್ರು ಕಿವಿಗೊಟ್ಟು ಕೂತಿರ್ತಾರೆ ಕಣೇ, ಬಾಯಿ ಮುಚ್ಕೊಂಡಿರು" ಎಂದು ಅತ್ತೆ ಗದರಿಸುತ್ತಾರೆ. ನಮ್ಮ ದ್ವೀಪಕ್ಕಿರುವ ಒಂದೇ ಸೇತುವೆಯೂ ಆಚೆ ದೇಶಕ್ಕೇ, ಅಂಚೆಯ ಗಾಡಿಯೂ ಅದನ್ನು ದಾಟಿ ಅವರ ನೆಲದ ಮೇಲೆಯೇ ಹೋಗಬೇಕು. ಅದಕ್ಕೆ ಈ ಪತ್ರವನ್ನು ಮೀನು ಹಿಡಿಯುವ ನಮ್ಮ ಬರ್ಟನ್ ಕೈಗೆ ಕೊಡುತ್ತೇನೆ. ಅವನು ಇವತ್ತು ದೋಣಿಯಲ್ಲಿ ನಮ್ಮದೇ ದೇಶದ ದಡಕ್ಕೆ ಹೋಗುವವನಿದ್ದಾನೆ, ಅಲ್ಲಿಂದ ಅಂಚೆಗೆ ಹಾಕುತ್ತಾನೆ.

ಕೂಸು ಇನ್ನೂ ತಲೆ ಕೆಳಗೆ ಮಾಡಿಲ್ಲ ವೆಂಡೆಲ್. ಕೂತಲ್ಲೇ ಕೂತಿದೆ, ಹಟದಲ್ಲಿ ಥೇಟ್ ನಿಮ್ಮ ವಂಶ. ಕಳೆದ ಸಲ ಸೇತುವೆ ದಾಟಿ, ಅವರ ರಸ್ತೆಯಲ್ಲೇ ಸುತ್ತಿ ನಮ್ಮ ದೇಶದ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು: ದ್ವೀಪದಲ್ಲಿ ಹೆರುವ ಮಾತೇ ಬೇಡ, ಕೊಯ್ದು ತೆಗೆಯಬೇಕಾಗಬಹುದು, ನೋವು ಬರುವುದಕ್ಕೆ ಮುಂಚೆಯೇ ಬಂದು ಆಸ್ಪತ್ರೆಯ ಹತ್ತಿರ ಉಳಿದುಕೊಳ್ಳಿ. ನಾನೂ ತಲೆಯಾಡಿಸಿ ಬಂದೆ. ಹಿಂದಿರುಗುವಾಗ ಸೇತುವೆಯ ಆಚೆ ಗಡಿಗೇಟಿನಲ್ಲಿ ಅವರ ಸಮವಸ್ತ್ರದಲ್ಲಿ ಟಾಡ್ ಇದ್ದ. ನಿನ್ನ ಸ್ವಂತ ಚಿಕ್ಕಮ್ಮನ ಮಗ, ನಮ್ಮ ಮದುವೆಯಲ್ಲಿ ಮೇಜಿನ ಮೇಲೆ ಹತ್ತಿ ಕುಣಿದವನು. ಮೊದಲೆಲ್ಲ ಕೈ ಬೀಸಿ "ಏನತ್ತಿಗೆ, ಎಷ್ಟು ಮೀನು ಕದ್ದು ಸಾಗಿಸ್ತಿದೀರಿ?" ಎನ್ನುತ್ತಿದ್ದ. ಅವತ್ತು ಅವನ ಹಿಂದೆ ಯಾರೋ ಹೊಸ ಮೇಲಧಿಕಾರಿ ನಿಂತಿದ್ದ. ಟಾಡ್ ನನ್ನ ಮುಖ ನೋಡದೆ ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ, ಯಾರನ್ನು ನೋಡಿದೆ ಎಂದು ಕೇಳಿದ. ನನ್ನ ಹೊಟ್ಟೆ ಸ್ಟೀರಿಂಗಿಗೆ ಒತ್ತಿಕೊಂಡಿತ್ತು, ಯಾಕೆ ಹೋಗಿದ್ದೆ ಎಂದು ಅವನಿಗೆ ಕಾಣಿಸುತ್ತಿರಲಿಲ್ಲವೇ! ಏನೂ ತೊಂದರೆ ಕೊಡಲಿಲ್ಲ, ಬಿಟ್ಟ. ಆದರೆ ಅವತ್ತಿನಿಂದ ಗಂಟು ಕಟ್ಟಿಟ್ಟುಕೊಂಡು ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಎಂದು ದಿನ ದೂಡುತ್ತಿದ್ದೇನೆ.

ಅತ್ತೆಗೆ ಇದೇ ಬೇಕಾಗಿತ್ತು. ಆಚೆಯ ಅಧ್ಯಕ್ಷರು ನಮ್ಮ ದೇಶವನ್ನೇ ತಮ್ಮ ಇನ್ನೊಂದು ರಾಜ್ಯ ಮಾಡಿಕೊಳ್ಳುತ್ತೇನೆ ಎಂದಾಗಿನಿಂದ ಅವರು ಸೇತುವೆಗೆ ಕಾಲಿಟ್ಟಿಲ್ಲ. ಪೆಟ್ರೋಲು, ಹಾಲು, ಮೊಟ್ಟೆ ಎಲ್ಲಕ್ಕೂ ಆಚೆ ಊರಿಗೆ ಹೋಗುತ್ತಿದ್ದವರು ಈಗ ನೆಲಮಾಳಿಗೆಯ ಆಲೂಗೆಡ್ಡೆ, ಉಪ್ಪುಮೀನಿನಲ್ಲೇ ದಿನ ಕಳೆಯುತ್ತಾರೆ. ನನಗೆ ಕಿತ್ತಳೆ ಹಣ್ಣಿನ ಬಯಕೆ. "ಅದು ಅವ್ರ ತೋಟದ್ದು, ಟರ್ನಿಪ್ ಗೆಡ್ಡೆ ತಿನ್ನು" ಎನ್ನುತ್ತಾರೆ. ಬಸುರಿಯ ಬಯಕೆಗೆ ಟರ್ನಿಪ್! ನಗು ಬಂತಾ? ನನಗೂ ಬಂದಿತ್ತು. ಆದರೆ ಹೆರಿಗೆಯ ವಿಷಯಕ್ಕೆ ಬಂದಾಗ ನಗಲು ಆಗಲಿಲ್ಲ. "ದಾರೀಲೇ ನೋವು ಬಂದು ನಮ್ಮನೆ ಕೂಸು ಅವ್ರ ನೆಲದ ಮೇಲೆ ಬಿದ್ರೆ ನಾಳೆ ಅದೂ ನಮ್ದೇ ಅಂತಾರೆ. ಗಾಳಿ ಇಳೀಲಿ, ಬರ್ಟನ್ ದೋಣೀಲಿ ನಮ್ಮ ದಡಕ್ಕೆ ಕರ್ಕೊಂಡ್ ಹೋಗ್ತೀನಿ" ಎಂದರು. ನಿಮ್ಮ ಮಗನನ್ನೇ ಆಚೆಯ ಆಸ್ಪತ್ರೆಯಲ್ಲಿ ಹೆತ್ತಿರಲ್ಲ, ಅರ್ಧ ದ್ವೀಪ ಹುಟ್ಟಿದ್ದೇ ಅಲ್ಲಲ್ಲವೇ ಎಂದೆ. "ಆಗ ಅವ್ರು ನೆಂಟ್ರಾಗಿದ್ರು" ಎಂದು ಎದ್ದು ಹೋದರು. ಕಾರು ಸಾಗಿಸುವ ದೊಡ್ಡ ದೋಣಿ ಬೇಸಿಗೆಗೆ ಮುಂಚೆ ಓಡುವುದಿಲ್ಲ, ಬರ್ಟನ್ನನ ದೋಣಿಯಲ್ಲಿ ಮಲಗಲು ಬಲೆಗಳ ರಾಶಿ ಬಿಟ್ಟರೆ ಬೇರೇನಿದೆ ಹೇಳು. ನಡುನೀರಿನಲ್ಲಿ ನೋವು ಬಂದರೆ ಯಾರನ್ನು ಕೂಗಲಿ?

ಚುನಾವಣೆಯ ಸುದ್ದಿ ನಿನಗೆ ರೇಡಿಯೋದಲ್ಲಿ ಸಿಕ್ಕಿರುತ್ತದೆ. ನಾನು ಈಸ್ಟರ್ ರಜೆಯ ಮುಂಗಡ ಮತದಾನದಲ್ಲೇ ವೋಟು ಹಾಕಿ ಬಂದೆ. ಅತ್ತೆ ಸೋಮವಾರದ ಮತದಾನಕ್ಕೆ ಕಾಯುತ್ತಿದ್ದಾರೆ, ಮೊದಲೇ ಹಾಕಿಬಿಟ್ಟರೆ ಜಗಳಕ್ಕೆ ಏನು ಉಳಿಯುತ್ತದೆ ಎಂದು. ಈಸ್ಟರಿಗೂ ಮುಂಚೆ ಅತ್ತೆ ಬೆಂಬಲಿಸುವ ಅಭ್ಯರ್ಥಿ ಬಂದಿದ್ದರು. ಪಾಪ, ತಮ್ಮದೇ ಮತದಾರರನ್ನು ನೋಡಲು ಪರದೇಶ ದಾಟಿ ಬರಬೇಕು, ಗೇಟಿನಲ್ಲಿ ಕರಪತ್ರದ ಕಟ್ಟು ಬಿಚ್ಚಿಸಿ ನೋಡಿದರಂತೆ. ಫೈರ್ ಸ್ಟೇಷನ್ನಿನಲ್ಲಿ ಜನ ತುಂಬಿದ್ದರು. ಒಂದಿಂಚೂ ಬಗ್ಗುವುದಿಲ್ಲ ಎಂದು ಅವರು ಗುಡುಗಿದಾಗ ಅತ್ತೆಯ ಚಪ್ಪಾಳೆಯೇ ಎಲ್ಲಕ್ಕಿಂತ ಜೋರು. ನನಗೇನಾಯಿತೋ, ಎದ್ದು ನಿಂತುಬಿಟ್ಟೆ. "ಸ್ವಾಮಿ, ನೀವು ಬಗ್ಗಬೇಡಿ. ಅವ್ರು ಸೇತುವೆ ಮುಚ್ಚಿದ್ರೆ ನಾನೆಲ್ಲಿ ಹೆರ್ಲಿ, ಅದನ್ನ ಹೇಳಿ" ಎಂದೆ. ಅತ್ತೆ ನನ್ನ ಕೋಟು ಹಿಡಿದು ಎಳೆದರು: "ಕೂತ್ಕೊಳೇ ಮಹಾರಾಯ್ತಿ, ಮಾನ ತೆಗೀಬೇಡ." ಅಭ್ಯರ್ಥಿ ಒಳ್ಳೆಯ ಮನುಷ್ಯನೇ, ಮುಖ ಕೆಂಪಾಯಿತು. ಒಳ್ಳೆ ಪ್ರಶ್ನೆ ಕೇಳಿದಿರಿ ಎಂದರು, ಬರೆದುಕೊಂಡರು, ಸೂಪು ಕುಡಿದರು, ಕತ್ತಲಾಗುವ ಮುಂಚೆ ಸೇತುವೆ ದಾಟಬೇಕೆಂದು ಹೊರಟುಬಿಟ್ಟರು.

ಸೇತುವೆ ಮುಚ್ಚುತ್ತಾರೆಂದು ಯಾರೂ ಹೇಳಿಲ್ಲ, ನನಗೆ ಗೊತ್ತು. ನಿನ್ನ ಹಾಗೆ ನಾನೂ ಲೆಕ್ಕ ಹಾಕಿ ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಬೆಳಗಾದರೆ ಮೊದಲು ಕಿಟಕಿಗೆ ಹೋಗಿ ಅದರ ಮೇಲೆ ಗಾಡಿ ಓಡುತ್ತಿದೆಯೇ ಎಂದು ನೋಡುತ್ತೇನೆ. ಒಂದು ಗಾಡಿ ಕಂಡ ಮೇಲೆಯೇ ಒಲೆ ಹಚ್ಚುವುದು. ಇಲ್ಲಿ ನಿಂತು ಆ ಊರಿನ ಅಂಗಡಿಯ ಬೋರ್ಡು ಓದಬಹುದು, ಅಷ್ಟು ಹತ್ತಿರ. ಆ ಊರಿಗೆ ನಾನು ಹೆದರುತ್ತೇನೆಂದು ಹೋದ ವರ್ಷ ಯಾರಾದರೂ ಹೇಳಿದ್ದರೆ ಹುಚ್ಚು ಹಿಡಿದಿದೆಯಾ ಎನ್ನುತ್ತಿದ್ದೆ. ಅತ್ತೆಯನ್ನು ಬೈಯಬೇಡ. ರಾತ್ರಿ ನನ್ನ ಕಾಲು ಒತ್ತುವವರೂ ಅವರೇ. ನಾಳೆ ಗಾಳಿ ಹೇಗಿದೆಯೆಂದು ನೋಡಿ ನಿರ್ಧಾರ ಮಾಡೋಣ ಎಂದಿದ್ದಾರೆ, ನಾನೂ ಆಗಲಿ ಎಂದಿದ್ದೇನೆ.

ಹಡಗಿನ ಗೆಳೆಯರಿಗೆಲ್ಲ ನನ್ನ ನೆನಪು ತಿಳಿಸು. ಹೊತ್ತು ಹೊತ್ತಿಗೆ ತಿನ್ನು. ನಿನ್ನ ಕೂಸು ಈ ಪತ್ರವನ್ನು ಒದೆಯುತ್ತಾ ಇದೆ, ಅದನ್ನೇ ಮುತ್ತೆಂದು ತಿಳಿದುಕೋ.

ನಿನ್ನವಳೇ ಆದ
ಶೆಲ್ಬಿ

ಮರೆತಿದ್ದೆ ಅಂತಲ್ಲ, ಈಗಷ್ಟೇ ಆಯಿತು: ನೀರು ಹೋಯಿತು ವೆಂಡೆಲ್. ಇನ್ನೂ ದಿನಗಳಿದ್ದವು. ಬರ್ಟನ್ ಬಾಗಿಲಲ್ಲಿ ನಿಂತಿದ್ದಾನೆ, ದೋಣಿಯೂ ತಯಾರಿದೆ, ಸಮುದ್ರವೂ ಶಾಂತವಾಗಿದೆ. ಆದರೂ ನಾನು ಸೇತುವೆ ಎಂದೆ. ನಮ್ಮ ಆಸ್ಪತ್ರೆಯವರೆಗೆ ತಡೆಯಲಾರೆ, ಆಚೆ ಊರಿನದಕ್ಕೇ ಹೋಗುತ್ತೇವೆ, ನೀನು ನೇರ ಅಲ್ಲಿಗೆ ಬಾ. ಗೇಟಿನಲ್ಲಿ ಟಾಡ್ ಇರುತ್ತಾನೋ, ಅವನ ಹಿಂದೆ ನಿಂತವನು ಇರುತ್ತಾನೋ ಗೊತ್ತಿಲ್ಲ. ಅತ್ತೆ ಮೀನು ಕೊಯ್ಯುವ ಚಾಕು ತೆಗೆದುಕೊಂಡು ಅಂಗಳಕ್ಕೆ ಹೋದರು. ಕಿಟಕಿಯಿಂದ ಕಾಣುತ್ತಿದ್ದಾರೆ, ಕಾರಿನ ಹಿಂದೆ ಮಂಡಿಯೂರಿ ಕೂತು, ತಾವೇ ಅಂಟಿಸಿದ್ದ, ಅಭ್ಯರ್ಥಿಯ ಹೆಸರಿನ ಚೀಟಿಯನ್ನೂ ನಮ್ಮ ಬಾವುಟದ ಚೀಟಿಯನ್ನೂ ಕೆರೆದು ಕೆರೆದು ತೆಗೆಯುತ್ತಿದ್ದಾರೆ. ಅಳುತ್ತಿದ್ದಾರೆ. ಬೇಗ ಬಾ.