ಕಡಪಾ ಕಲ್ಲೇ ಸಾಕು

ಪುಂಡರೀಕಾಕ್ಷ ರಾಯರಿಗೆ,

ಮುಂಬೈ ಹತ್ತಿರದ ದಿವಾದ ನಿಮ್ಮ ಮನೆಯಿಂದ ಶ್ರೀಪ್ರಿಯಾಳ ನಮಸ್ಕಾರ. ಅಡುಗೆ ಕಟ್ಟೆಯ ಟೈಲ್ಸ್ ಹೇಗೆ ಬಿರುಕು ಬಿಟ್ಟಿತೆಂದು ಫೋನ್ ಮಾಡಿದಾಗಲೆಲ್ಲ ಕೇಳುತ್ತೀರಿ. ಈ ಒಂದು ಕೋಣೆಯ ಮನೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ಅತ್ತೆಗೆ ಕೇಳಿಸುತ್ತದೆ. ಅದಕ್ಕೇ ಈ ಪತ್ರ.

ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಉಡುಪಿಯಿಂದ ಕರೆತಂದೆವು. ಕೊಟ್ಟದ್ದನ್ನು ಉಂಡು ಸುಮ್ಮನೆ ಕೂರುತ್ತಿದ್ದರು. ಹೋದ ತಿಂಗಳು ನಾನು ಬೇಲಾಪುರದ ಆಫೀಸಿನಿಂದ ಬಂದು ನೋಡಿದರೆ, ಕಟ್ಟೆಯ ಮೇಲೆ ಹೆರೆಮಣೆ ಇಟ್ಟು, ಅದರ ಮೇಲೆ ಕಾಲು ಇಳಿಬಿಟ್ಟು ಕೂತು ಕಾಯಿ ತುರಿಯುತ್ತಿದ್ದಾರೆ! ಮಂಡಿನೋವಿನಿಂದ ಅವರಿಗೆ ನೆಲದಲ್ಲಿ ಕೂರಲಾಗುವುದಿಲ್ಲ. "ಮಿಕ್ಸಿಯಲ್ಲಿ ಪುಡಿ ಮಾಡಿದ ಕಾಯಿ ಪಲ್ಯಕ್ಕೆ ಆಗ್ತದಾ ಮಾರಾಯ್ತಿ?" ಎಂದು ನನ್ನನ್ನೇ ಗದರಿದರು. ಅವರು ಇಳಿದ ಮೇಲೆ ಬಿರುಕು ಕಂಡಿತು. ಅವರಿಗೆ ಕಾಣದ ಹಾಗೆ ನಾನು ಅದರ ಮೇಲೆ ಕುಕ್ಕರ್ ಇಟ್ಟೆ.

ಹಳೆಯ ಟೈಲ್ಸ್ ಮೇಲೆಯೇ ತೆಳುವಾದ ಶೀಟ್ ಅಂಟಿಸಿದರೆ ಅಗ್ಗವೆಂದು ನಿಮ್ಮ ಮೇಸ್ತ್ರಿ ಹೇಳುತ್ತಾನೆ. ಅದು ಬೇಡವೇ ಬೇಡ. ಗ್ರಾನೈಟ್ ಹಾಕಿಸಿ ಎಂದೂ ನಾನು ಕೇಳುವುದಿಲ್ಲ, ಬಾಡಿಗೆ ಮನೆಗೆ ಅದು ನಿಮಗೆ ದುಬಾರಿ. ಕಪ್ಪು ಕಡಪಾ ಕಲ್ಲೇ ಸಾಕು. ಆದರೆ ಅತ್ತೆ ಕೂತಿದ್ದ ಕಿಟಕಿಯ ಮೂಲೆಯಲ್ಲಿ ಕಲ್ಲಿನ ಕೆಳಗೆ ಒಂದು ಇಟ್ಟಿಗೆ ಗೋಡೆ ಕಟ್ಟಿಸಿ, ಅದರ ಖರ್ಚು ನಮ್ಮದು. ಯಾಕೆಂದು ಮೇಸ್ತ್ರಿ ಕೇಳಿದರೆ ಕುಕ್ಕರಿನ ಭಾರಕ್ಕೆ ಎನ್ನಿ.

ಬೆಳಿಗ್ಗೆ ಒಡೆದರೆ ಸಂಜೆಯೊಳಗೆ ಕಲ್ಲು ಕೂರಿಸಿಬಿಡಲಿ. ಅತ್ತೆ ಮತ್ತೆ ಕೊಟ್ಟದ್ದನ್ನು ಉಂಡು ಸುಮ್ಮನೆ ಕೂರುವ ದಿನ ನನಗೆ ಒಂದೂ ಬೇಡ.

ನಿಮ್ಮ ಮನೆಯ ಬಾಡಿಗೆದಾರಳು,
ಶ್ರೀಪ್ರಿಯಾ